4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್ ಡೆಸ್ಕ್‌ಟಾಪ್ ಸೂಕ್ತ?
ಡೆಸ್ಕ್‌ಟಾಪ್ (ಮೆನು, ವಿಂಡೋಗಳನ್ನು ಒಳಗೊಂಡ ಪರದೆಯ ವ್ಯವಸ್ಥೆ) ಹಗುರವಾಗಿರಬೇಕು, ಬೇಕಾದಂತೆ ಬದಲಿಸಿಕೊಳ್ಳಲೂ ಬರಬೇಕು ಎಂಬ ನಿಮ್ಮ ಎರಡೂ ಬೇಡಿಕೆಗಳನ್ನು ಒಟ್ಟಿಗೆ ಪರಿಗಣಿಸಿದರೆ ನಾನು ಎಕ್ಸ್‌ಎಫ್‌ಸಿಇಯನ್ನು ಸೂಚಿಸುತ್ತೇನೆ. 1996ರಲ್ಲಿ ಆರಂಭವಾದ ಈ ಯೋಜನೆ ನಿಧಾನವಾಗಿ, ಎಚ್ಚರಿಕೆಯಿಂದ ಬೆಳೆದಿದೆ. ಹೊಸ ಆವೃತ್ತಿ ಬಂದಾಗಲೆಲ್ಲ ಮೆನುಗಳನ್ನು ಹುಡುಕುತ್ತಾ ಕೂರುವ ಪ್ರಸಂಗ ಇಲ್ಲಿ ವಿರಳ.

ಇದರ ಪ್ಯಾನೆಲ್ (ಮೆನು, ತೆರೆದ ವಿಂಡೋಗಳ ಹೆಸರು ಇರುವ ಪಟ್ಟಿ) ಮೇಲೆ ಬಲ ಕ್ಲಿಕ್ ಮಾಡಿ ಪ್ರಿಫರೆನ್ಸಸ್ ತೆರೆದರೆ, ಅದನ್ನು ಪರದೆಯ ಯಾವ ಅಂಚಿಗಾದರೂ ಸರಿಸಬಹುದು, ಲಂಬವಾಗಿ ನಿಲ್ಲಿಸಬಹುದು, ತಾನಾಗಿಯೇ ಮರೆಯಾಗುವಂತೆ ಮಾಡಬಹುದು ಅಥವಾ ಎರಡನೆಯ ಪ್ಯಾನೆಲನ್ನೂ ಸೇರಿಸಬಹುದು. ಗ್ರಾಫಿಕ್ಸ್ ದುರ್ಬಲವಾಗಿದ್ದರೆ ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನಲ್ಲಿ ದೃಶ್ಯ ಪರಿಣಾಮಗಳನ್ನು ಮೂಡಿಸುವ ಕಾಂಪೋಸಿಟರನ್ನು ಆಫ್ ಮಾಡಿಬಿಡಿ. ನೆರಳು, ಪಾರದರ್ಶಕತೆ ಹೋಗುತ್ತವೆ, ಆದರೆ ಕೆಲಸ ಚುರುಕಾಗುತ್ತದೆ. ಈ ಸೆಟ್ಟಿಂಗ್‌ಗಳು ಹೋಮ್ ಫೋಲ್ಡರಿನ ಅಡಗಿದ ಕಾನ್ಫಿಗ್ ಫೋಲ್ಡರಿನಲ್ಲಿ ಉಳಿಯುವುದರಿಂದ ಬೇರೆ ಕಂಪ್ಯೂಟರಿಗೆ ನಕಲಿಸಿಕೊಳ್ಳಲೂಬಹುದು, ಆದರೆ ಅಲ್ಲಿ ಲಾಗ್‌ಔಟ್ ಆಗಿರುವಾಗ ನಕಲಿಸಿ; ಇಲ್ಲವಾದರೆ ಚಾಲನೆಯಲ್ಲಿರುವ ಸೆಷನ್ ಹಳೆಯ ಮೌಲ್ಯಗಳನ್ನೇ ಮತ್ತೆ ಬರೆದುಬಿಡಬಹುದು.

ಇನ್ನೂ ಹಗುರವಾದದ್ದು ಬೇಕೆಂದರೆ ಎಲ್‌ಎಕ್ಸ್‌ಕ್ಯುಟಿ ಇದೆ. ಕ್ಯುಟಿ ಎಂಬ ತಂತ್ರಾಂಶ ಪರಿಕರದ ಮೇಲೆ ಕಟ್ಟಿದ ಇದರಲ್ಲಿ ವಿಂಡೋಗಳ ಚೌಕಟ್ಟು, ಸ್ಥಾನವನ್ನು ನೋಡಿಕೊಳ್ಳುವ ವಿಂಡೋ ಮ್ಯಾನೇಜರನ್ನೇ ಬದಲಿಸಬಹುದಾದರೂ, ಒಪ್ಪ ಓರಣ ಸ್ವಲ್ಪ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಗ್ನೋಮ್ 2 ಎಂಬ ಹಳೆಯ ಡೆಸ್ಕ್‌ಟಾಪಿನ ವಿನ್ಯಾಸ ಇಷ್ಟವಿದ್ದವರಿಗೆ ಅದನ್ನೇ ಮುಂದುವರಿಸಿದ ಮಾಟೆ ಹೊಂದುತ್ತದೆ. ಬದಲಾವಣೆಯ ಅವಕಾಶದಲ್ಲಿ ಕೆಡಿಇ ಪ್ಲಾಸ್ಮಾ ಇವೆಲ್ಲವನ್ನೂ ಮೀರಿಸುತ್ತದೆ, ಆದರೆ ನಿಮ್ಮ ಯಂತ್ರಕ್ಕೆ ಅದು ನನ್ನ ಮೊದಲ ಆಯ್ಕೆಯಲ್ಲ. (ಅಂದಹಾಗೆ, ಹತ್ತಾರು ಟ್ಯಾಬ್ ತೆರೆದ ಬ್ರೌಸರ್ ಈ ಯಾವ ಡೆಸ್ಕ್‌ಟಾಪಿಗಿಂತಲೂ ಹೆಚ್ಚು ಮೆಮೊರಿ ನುಂಗುತ್ತದೆ.)

ಒಂದೇ ವ್ಯವಸ್ಥೆಯಲ್ಲಿ ಎರಡು ಡೆಸ್ಕ್‌ಟಾಪ್‌ಗಳನ್ನು ಸ್ಥಾಪಿಸಿ, ಲಾಗಿನ್ ಪರದೆಯಲ್ಲಿ ಬೇಕಾದುದನ್ನು ಆರಿಸಿ ಹೋಲಿಸಿ ನೋಡಬಹುದು.