ಸಂಪಾದಕರ ಉತ್ತರ: ಸ್ತೋತ್ರ ಹೇಳಲು ಬಾಯಿ ಬಾರದಿದ್ದಾಗ

ಪ್ರಿಯ ಸಹೋದರಿ,

ನಿಮ್ಮ ನಾಲ್ಕು ಪುಟಗಳ ಪತ್ರ ಎರಡು ವಾರಗಳಿಂದ ನನ್ನ ಮೇಜಿನ ಮೇಲಿದೆ. ಕೆಲಸದ ನಡುವೆ ನಾಲ್ಕು ಸಾಲು ಗೀಚಿ ಕಳಿಸಲು ಮನಸ್ಸು ಒಪ್ಪಲಿಲ್ಲ, ತಡವಾದದ್ದಕ್ಕೆ ಕ್ಷಮಿಸಿ. ನಿಮ್ಮ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಅಚ್ಚು ಮಾಡಿಲ್ಲ. ಉಳಿದ ಓದುಗರಿಗೆ ತಿಳಿಯಲೆಂದು ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ಮೂತ್ರಪಿಂಡದ ಕಾಯಿಲೆಯಿಂದ ಎರಡು ವರ್ಷ ನರಳಿದ ನಿಮ್ಮ ಯಜಮಾನರು ಎಂಟು ತಿಂಗಳ ಹಿಂದೆ ತೀರಿಕೊಂಡರು. ಡಯಾಲಿಸಿಸ್‌ಗೆಂದು ಮಾಡಿದ ಸಾಲ ಹಾಗೆಯೇ ಉಳಿದಿರುವಾಗಲೇ ಈ ಮಳೆಗಾಲದಲ್ಲಿ ತೋಟದ ಅಡಿಕೆ ಕೊಳೆರೋಗಕ್ಕೆ ಉದುರಿತು. ಬೆಳೆ ಹಬ್ಬದ ಆರಾಧನೆಯಲ್ಲಿ ನಿಮ್ಮನ್ನು ಸಾಕ್ಷಿ ಹೇಳಲು, ಎಂದರೆ ದೇವರ ಉಪಕಾರಗಳನ್ನು ಸಭೆಯ ಮುಂದೆ ನೆನೆಯಲು, ಕರೆದಾಗ ನೀವು ಮೈಕಿನ ಮುಂದೆ ನಿಂತಿರಿ, ‘ಸ್ತೋತ್ರ’ ಎಂಬ ಮಾತು ಗಂಟಲು ದಾಟಲಿಲ್ಲ, ತಿರುಗಿ ಬಂದು ಕುಳಿತಿರಿ. ಮರುದಿನ ಸಭೆಯ ಹಿರಿಯರೊಬ್ಬರು ಮನೆಗೆ ಬಂದು, ಎಲ್ಲಾದಕ್ಕೂ ಸ್ತೋತ್ರ ಹೇಳಬೇಕೆಂದು ದೇವರ ವಾಕ್ಯವೇ ಇರುವಾಗ ನಿಮ್ಮದು ನಂಬಿಕೆಯ ಕೊರತೆ ಎಂದು ಹೇಳಿಹೋದರು. ‘ನನ್ನ ಗಂಡನ ಸಾವಿಗೆ ನಾನು ಸ್ತೋತ್ರ ಹೇಳಲೇಬೇಕೇ?’ ಎಂದು ನೀವು ಕೇಳಿದ್ದೀರಿ.

ಹೇಳಬೇಕಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಮಾತುಗಳನ್ನು ನೀವು ಹೆದರಿಕೆಯಿಂದ ಓದಬಾರದು.

ಆ ಹಿರಿಯರು ನೆನಪಿಸಿದ ವಾಕ್ಯ, ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನು ಥೆಸಲೋನಿಕದ ಸಭೆಯವರಿಗೆ ಬರೆದ ಮೊದಲನೆಯ ಪತ್ರದ ಐದನೆಯ ಅಧ್ಯಾಯದಲ್ಲಿದೆ. ನಮ್ಮ ಕನ್ನಡ ಬೈಬಲಿನಲ್ಲಿ ಅದು ‘ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ’ ಎಂದಿದೆ. ‘ಎಲ್ಲಾದರಲ್ಲಿಯೂ’ ಎಂಬುದು ಸಪ್ತಮಿ ವಿಭಕ್ತಿ. ಅದನ್ನು ‘ಎಲ್ಲಾದಕ್ಕೂ’ ಎಂದು ಚತುರ್ಥಿಗೆ ತಿರುಗಿಸಿದರೆ ಅರ್ಥವೇ ಬೇರೆಯಾಗುತ್ತದೆ. ಗ್ರೀಕ್ ಮೂಲದ ‘ಎನ್ ಪಾಂತಿ’ಯೂ ‘ಎಲ್ಲದರಲ್ಲಿ’ ಎಂದೇ ಹೇಳುತ್ತದೆ. ನೆರೆಯ ನೀರಿನಲ್ಲಿ ನಿಂತವನು ದೇವರನ್ನು ಕೂಗುವುದು ಒಂದು, ನೆರೆ ಬಂದದ್ದಕ್ಕಾಗಿ ದೇವರನ್ನು ಹೊಗಳುವುದು ಇನ್ನೊಂದು. ಅಲ್ಲದೆ ಆ ಪತ್ರವನ್ನು ಓದಿಸಿಕೊಂಡ ಸಭೆಯವರು ಹಿಂಸೆಗೆ ಗುರಿಯಾಗಿದ್ದರು, ತಮ್ಮವರಲ್ಲಿ ಕೆಲವರನ್ನು ಮಣ್ಣು ಮಾಡಿದ್ದರು. ಒಂದು ಅಧ್ಯಾಯ ಹಿಂದಕ್ಕೆ ತಿರುಗಿಸಿ ನೋಡಿ: ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದು ಪೌಲನು ಅವರಿಗೆ ಹೇಳುತ್ತಾನೆಯೇ ಹೊರತು ದುಃಖಿಸಲೇಬೇಡಿ ಎನ್ನುವುದಿಲ್ಲ.

ಆದರೆ ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಅದೇ ಪೌಲನು ಎಲ್ಲಾ ಕಾರ್ಯಗಳಿಗೋಸ್ಕರ ಸ್ತೋತ್ರ ಮಾಡಿರಿ ಎಂದಿದ್ದಾನಲ್ಲವೇ ಎಂದು ಯಾರಾದರೂ ನಿಮ್ಮನ್ನು ಕೇಳಬಹುದು. ಕೇಳುವುದು ನ್ಯಾಯವೇ, ಆ ವಚನವನ್ನು ಮರೆಮಾಚಿ ನಿಮ್ಮನ್ನು ಸಮಾಧಾನಪಡಿಸಲು ನನಗೆ ಇಷ್ಟವಿಲ್ಲ. ಆದರೆ ಅದಕ್ಕೆ ನಾಲ್ಕೇ ವಚನಗಳ ಹಿಂದೆ, ದಿನಗಳು ಕೆಟ್ಟವುಗಳಾಗಿವೆ ಎಂದು ಅವನೇ ಬರೆದಿದ್ದಾನೆ. ಕೆಟ್ಟದ್ದನ್ನು ಕೆಟ್ಟದ್ದೆಂದೇ ಕರೆದವನ ಬಾಯಿಂದ ಬಂದ ಸ್ತೋತ್ರ ಅದು. ಕೊರಿಂಥದವರಿಗೆ ಬರೆಯುವಾಗಲಂತೂ ಮರಣವನ್ನು ‘ಕಡೇ ಶತ್ರು’ ಎಂದೇ ಕರೆದಿದ್ದಾನೆ. ಶತ್ರು ಮನೆಗೆ ನುಗ್ಗಿದ್ದಕ್ಕೆ ವಂದನೆ ಹೇಳು ಎಂದು ವಿಧವೆಯನ್ನು ಒತ್ತಾಯಿಸುವ ಬೋಧನೆಯನ್ನು ನಾನು ಅಪೊಸ್ತಲರಲ್ಲಿ ಕಂಡಿಲ್ಲ. ತನ್ನ ಗೆಳೆಯ ಎಪಫ್ರೊದೀತನು ಸಾಯುವ ಸ್ಥಿತಿಗೆ ಹೋಗಿ ಬದುಕಿಕೊಂಡಾಗ, ನನಗೆ ದುಃಖದ ಮೇಲೆ ದುಃಖ ಬಾರದಂತೆ ದೇವರು ಕರುಣಿಸಿದನು ಎಂದು ಪೌಲನು ಸೆರೆಯಿಂದ ಬರೆದನು. ಸದಾ ಸಂತೋಷಿಸಿರಿ ಎಂದ ಅದೇ ಪತ್ರದಲ್ಲಿ ಈ ಮಾತೂ ಇದೆ.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸುವುದು ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯ. ಸತ್ತ ಗೆಳೆಯ ಲಾಜರನ ಸಮಾಧಿಗೆ ಹೋಗುವ ದಾರಿಯಲ್ಲಿ ಯೇಸು ಕಣ್ಣೀರು ಬಿಟ್ಟನು. ಇನ್ನು ಸ್ವಲ್ಪ ಹೊತ್ತಿಗೆ ಆ ಗೆಳೆಯನನ್ನು ಸಾವಿನಿಂದ ಎಬ್ಬಿಸಲಿದ್ದವನೇ ಅತ್ತನು. ಕಲ್ಲನ್ನು ತೆಗೆದ ಮೇಲೆ, ಕೆನ್ನೆ ಇನ್ನೂ ಒದ್ದೆಯಾಗಿದ್ದಿರಬೇಕು, ಕಣ್ಣೆತ್ತಿ ತಂದೆಗೆ ಸ್ತೋತ್ರ ಹೇಳಿದನು. ಯಾವುದಕ್ಕೆ? ಲಾಜರನು ಸತ್ತದ್ದಕ್ಕೆ ಹೇಳಲಿಲ್ಲ; ನೀನು ನನಗೆ ಕಿವಿಗೊಟ್ಟೆ ಎಂಬುದಕ್ಕೆ ಹೇಳಿದನು. ಹಿಡಿದುಕೊಡಲ್ಪಟ್ಟ ರಾತ್ರಿಯೂ ಹಾಗೆಯೇ. ಊಟದ ಮನೆಯಲ್ಲಿ ರೊಟ್ಟಿಯನ್ನು ಕೈಗೆತ್ತಿಕೊಂಡು ಸ್ತೋತ್ರ ಮಾಡಿ ಮುರಿದವನು, ಅದೇ ರಾತ್ರಿ ಗೆತ್ಸೇಮನೆ ತೋಟದಲ್ಲಿ, ಈ ಸಂಕಟದ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ನೆಲಕ್ಕೆ ಬಿದ್ದು ಬೇಡಿದನು. ಪವಿತ್ರ ಭೋಜನಕ್ಕೆ ಆದಿ ಸಭೆ ಇಟ್ಟ ಗ್ರೀಕ್ ಹೆಸರಿನ ಅರ್ಥವೇ ಕೃತಜ್ಞತಾಸ್ತುತಿ. ನಾವು ಆ ಮೇಜಿನ ಬಳಿಗೆ ಹೋದಾಗಲೆಲ್ಲ ಆ ರಾತ್ರಿಯ ಸ್ತೋತ್ರವನ್ನೂ ಆ ರಾತ್ರಿಯ ಬೇಡಿಕೆಯನ್ನೂ ಒಟ್ಟಿಗೇ ಸ್ವೀಕರಿಸುತ್ತೇವೆ.

ನಾತ್ಸಿಗಳ ರಾವೆನ್ಸ್‌ಬ್ರೂಕ್ ಸೆರೆಶಿಬಿರದಲ್ಲಿ ಚಿಗಟಗಳಿಗಾಗಿ ದೇವರನ್ನು ಕೊಂಡಾಡಿದ ಡಚ್ ಸಹೋದರಿಯ ಕಥೆಯನ್ನು ಪ್ರಸಂಗದಲ್ಲಿ ಕೇಳಿ ಇನ್ನಷ್ಟು ಕುಗ್ಗಿದಿರೆಂದು ಬರೆದಿದ್ದೀರಿ. ಆಕೆ ಬೆಟ್ಸಿ ಟೆನ್ ಬೂಮ್. ಯೆಹೂದ್ಯರನ್ನು ಮನೆಯಲ್ಲಿ ಅಡಗಿಸಿಟ್ಟ ಕಾರಣಕ್ಕೆ 1944ರಲ್ಲಿ ಮನೆಯವರೊಂದಿಗೆ ಬಂಧಿತಳಾಗಿ, ಅದೇ ವರ್ಷದ ಡಿಸೆಂಬರಿನಲ್ಲಿ ಆ ಶಿಬಿರದಲ್ಲೇ ತೀರಿಕೊಂಡಳು. ಚಿಗಟಗಳ ಭಯದಿಂದ ಕಾವಲಿನವರು ಒಳಗೆ ಬಾರದೆ ಇದ್ದದ್ದರಿಂದ ಅಲ್ಲಿ ಬೈಬಲ್ ಓದಲು ಸಾಧ್ಯವಾಯಿತೆಂಬುದು ಆಮೇಲೆ ತಿಳಿಯಿತು. ನಮ್ಮ ಪ್ರಸಂಗಗಳಲ್ಲಿ ಒಂದು ಸಂಗತಿ ಬಿಟ್ಟುಹೋಗುತ್ತದೆ: ಆಕೆ ಆ ಸ್ತೋತ್ರವನ್ನು ಹೇಳಿದ್ದು ತನ್ನನ್ನೇ ಕಚ್ಚುತ್ತಿದ್ದ ಚಿಗಟಗಳಿಗಾಗಿ. ಅಂಥ ಮಾತನ್ನಾಡುವ ಹಕ್ಕು ಆ ಹಾಸಿಗೆಯಲ್ಲಿ ಮಲಗಿದವರಿಗೆ ಮಾತ್ರ ಇದೆ. ಜೊತೆಗಿದ್ದ ತಂಗಿ ಕೊರಿ ಆಗ ಅದನ್ನು ಒಪ್ಪಲಾರದೆ ಹೋದಳು, ಮತ್ತು ಅವಳನ್ನು ಯಾರೂ ಅವಿಶ್ವಾಸಿ ಎನ್ನಲಿಲ್ಲ.

ಇಲ್ಲಿ ನಿಮ್ಮ ಸಭೆಯ ಹಿರಿಯರಿಗೂ ಒಂದು ಮಾತು ಹೇಳಬೇಕಾಗಿದೆ. ಅವರೂ ಈ ಪತ್ರಿಕೆಯ ಓದುಗರೆಂದು ನೀವೇ ಬರೆದಿದ್ದೀರಿ. ಬೆಳೆ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ಫಲಗಳ ಏಲಂನಲ್ಲಿ ಒಂದು ಪಪ್ಪಾಯಿ ಹಣ್ಣನ್ನು ಪೈಪೋಟಿಯ ಮೇಲೆ ಸಾವಿರ ರೂಪಾಯಿಗೆ ಕೂಗುವ ಸಂತೋಷ ನಮಗೆಲ್ಲರಿಗೂ ಗೊತ್ತು. ಆ ದಿನ ಅಡಿಕೆ ಕಳೆದುಕೊಂಡು ಬರಿಗೈಯಲ್ಲಿ ಬಂದವಳಿಂದ ಸಾಕ್ಷಿ ಕೇಳುವ ಮೊದಲು ಅವಳ ಸಾಲ ಎಷ್ಟಿದೆಯೆಂದು ಕೇಳಬೇಕಿತ್ತು. ಯೆರೂಸಲೇಮಿನ ಸಭೆಯಲ್ಲಿ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲವೆಂಬ ಗೊಣಗಾಟ ಹುಟ್ಟಿದಾಗ, ಅಪೊಸ್ತಲರು ಅದನ್ನು ಅವಿಶ್ವಾಸವೆಂದು ಗದರಿಸದೆ ಏಳು ಮಂದಿಯನ್ನು ಆ ಕೆಲಸಕ್ಕೆ ನೇಮಿಸಿದರು.

ಹಾಗಾದರೆ ಸ್ತೋತ್ರವನ್ನು ಬಿಟ್ಟೇಬಿಡಬೇಕೇ ಎಂದರೆ, ಸಹೋದರಿ, ಬಿಡಬೇಡಿ. ಅದನ್ನು ನಿಮ್ಮ ಕೈಗೆ ಹಿಡಿಸುವಷ್ಟು ಚಿಕ್ಕದಾಗಿ ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಅಮ್ಮ ರಾತ್ರಿಯ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಒಲೆಯ ಪಕ್ಕದ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದಳು. ತಿಂಗಳ ಕೊನೆಯ ಭಾನುವಾರ ಆ ಹಿಡಿ ಅಕ್ಕಿ ಸಭೆಗೆ ಹೋಗುತ್ತಿತ್ತು. ಅಪ್ಪ ತೀರಿಕೊಂಡ ವರ್ಷದ ಮಳೆಗಾಲ, ಮನೆಯಲ್ಲಿ ನಾವು ಮೂವರು ಮಕ್ಕಳು. ಒಂದು ಸಂಜೆ ಅವಳು ಎಂದಿನಂತೆ ಹಿಡಿ ತುಂಬಿಕೊಂಡು, ಡಬ್ಬಿಯ ಮೇಲೆ ಕೈ ಚಾಚಿ, ಬಹಳ ಹೊತ್ತು ಸುಮ್ಮನೆ ನಿಂತಳು. ಆಮೇಲೆ ಅರ್ಧವನ್ನು ಪಾತ್ರೆಗೇ ಮರಳಿ ಸುರಿದು ಉಳಿದರ್ಧವನ್ನು ಡಬ್ಬಿಗೆ ಹಾಕಿದಳು. ಒದ್ದೆ ಅಂಗೈಗೆ ಅಂಟಿದ್ದ ಕಾಳುಗಳನ್ನು ಒಂದೊಂದಾಗಿ ಬಿಡಿಸಿ ಅದಕ್ಕೇ ಉದುರಿಸಿದಳು. ಬಾಯಲ್ಲಿ ಒಂದು ಮಾತೂ ಇರಲಿಲ್ಲ. ಆ ವರ್ಷವೆಲ್ಲ ನಮ್ಮ ಮನೆಯ ಸ್ತೋತ್ರ ಅರ್ಧ ಹಿಡಿಯದಾಗಿತ್ತು.

ಜರ್ಮನಿಯ ಐಲೆನ್‌ಬುರ್ಗ್ ಪಟ್ಟಣದ ಬೋಧಕ ಮಾರ್ಟಿನ್ ರಿಂಕಾರ್ಟ್ 1637ರ ಪ್ಲೇಗಿನಲ್ಲಿ 4,000ಕ್ಕೂ ಹೆಚ್ಚು ಮಂದಿಯ ಶವಸಂಸ್ಕಾರ ನಡೆಸಿದನು. ಆ ವರ್ಷ ಸತ್ತವರಲ್ಲಿ ಅವನ ಹೆಂಡತಿಯೂ ಒಬ್ಬಳು. ಲೋಕವೆಲ್ಲ ಹಾಡುವ ಅವನ ಸ್ತೋತ್ರಗೀತೆಯನ್ನು ನಾವು ದೊಡ್ಡ ಆರಾಧನೆಗಳಿಗೆ ಇಟ್ಟುಕೊಂಡಿದ್ದೇವೆ. ಅವನು ಅದನ್ನು ಬರೆದದ್ದು ಮನೆಯ ಊಟದ ಮೇಜಿನ ಪ್ರಾರ್ಥನೆಯಾಗಿ.

ಆದ್ದರಿಂದ ನೀವೂ ಊಟದ ಹೊತ್ತಿನಲ್ಲಿ, ಎದುರಿಗಿರುವ ಗಂಜಿಗೆ ಮಾತ್ರ ಸ್ತೋತ್ರ ಹೇಳಿ. ಯಜಮಾನರೊಡನೆ ಬಾಳಿದ ವರ್ಷಗಳಿಗಾಗಿ ಹೇಳಬೇಕೆನಿಸಿದ ದಿನ ಅದನ್ನೂ ಹೇಳಿ. ಅವರ ಸಾವಿನ ಬಗ್ಗೆ ದೇವರನ್ನು ಕೇಳಬೇಕಾದದ್ದನ್ನು ಕೇಳಿ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡಾಗ ‘ಯೆಹೋವನ ನಾಮಕ್ಕೆ ಸ್ತೋತ್ರವಾಗಲಿ’ ಎಂದ ಯೋಬನು ಎರಡು ಅಧ್ಯಾಯಗಳ ಮುಂದೆ ತಾನು ಹುಟ್ಟಿದ ದಿನವನ್ನೇ ಶಪಿಸಿದನು. ಆದರೂ ಪುಸ್ತಕದ ಕೊನೆಯಲ್ಲಿ, ತನ್ನ ವಿಷಯವಾಗಿ ಸರಿಯಾಗಿ ಮಾತಾಡಿದವನು ಯೋಬನೇ, ಅವನಿಗೆ ಬುದ್ಧಿ ಹೇಳಲು ಬಂದ ಗೆಳೆಯರಲ್ಲ ಎಂದು ದೇವರೇ ಹೇಳಿದನು.

ಬರುವ ವರ್ಷ ಮತ್ತೆ ಸಾಕ್ಷಿಗೆ ಕರೆದರೆ ಏನು ಮಾಡಲಿ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಹೋಗಿ, 13ನೆಯ ಕೀರ್ತನೆಯನ್ನು ಓದಿ. ಅದರಲ್ಲಿ ಇರುವುದು ಆರೇ ವಚನಗಳು. ಮೊದಲ ಎರಡು ‘ಎಷ್ಟರವರೆಗೆ’ ಎಂಬ ಪ್ರಶ್ನೆ, ಮುಂದಿನ ಎರಡು ಬೇಡಿಕೆ, ಸ್ತೋತ್ರ ಬರುವುದು ಕಡೆಯ ಎರಡರಲ್ಲಿ. ಅಷ್ಟು ದೂರ ದನಿ ಬಾರದಿದ್ದರೆ ನಾಲ್ಕಕ್ಕೇ ನಿಲ್ಲಿಸಿ ಬಂದು ಕುಳಿತುಕೊಳ್ಳಿ. ಉಳಿದ ಎರಡು ವಚನಗಳನ್ನು ಸಭೆಯವರು ಎದ್ದು ನಿಂತು ನಿಮ್ಮ ಪರವಾಗಿ ಓದಲಿ.

ಕರ್ತನಲ್ಲಿ ನಿಮ್ಮ ಸಹೋದರ,
ಸಂಪಾದಕ