ಡೆಮಿ 1/8: ಯಾವುದರಲ್ಲಿ ಎಂಟನೇ ಒಂದು ಭಾಗ?

ಪ್ರಶ್ನೆ: ಕನ್ನಡ ಪುಸ್ತಕ ತೆರೆದರೆ ಮೊದಲಲ್ಲೇ ಬೆಲೆಯ ಹತ್ತಿರ ‘ಡೆಮಿ 1/8, ಪುಟಗಳು: 12+196’ ಅಂತ ಇರುತ್ತದೆ. ಡೆಮಿ ಅಂದರೆ ಅರ್ಧ ಅಲ್ವಾ? ಹಾಗಾದರೆ ಅರ್ಧದಲ್ಲಿ ಎಂಟನೇ ಒಂದು ಭಾಗವೇ?

ಉತ್ತರ: ಆ ಭಾಗಾಕಾರ ಬೇಡ. ಪದ ಹುಟ್ಟಿದ್ದು ‘ಅರ್ಧ’ ಎನ್ನುವ ಫ್ರೆಂಚ್ ಮಾತಿನಿಂದ, ನಿಜ. ಆದರೆ ಇಲ್ಲಿ ಅದು ಒಂದು ಅಳತೆಯ ಕಾಗದದ ಹೆಸರು, ಅಷ್ಟೆ. ಇಂಗ್ಲೆಂಡಿನ ಮುದ್ರಕರು 17½ × 22½ ಇಂಚಿನ ಹಾಳೆಯನ್ನು ಡೆಮಿ ಎನ್ನುತ್ತಿದ್ದರು. 15 × 20 ಇಂಚಿನದು ಕ್ರೌನ್. ಆ ಕಾಗದದಲ್ಲಿ ಕಿರೀಟದ ನೀರಚ್ಚು (ಬೆಳಕಿಗೆ ಹಿಡಿದರೆ ಕಾಣುವ ವಾಟರ್‌ಮಾರ್ಕ್) ಇರುತ್ತಿತ್ತು. ನಾವು ಪರೀಕ್ಷೆಯಲ್ಲಿ ಕೇಳಿ ಪಡೆಯುತ್ತಿದ್ದ ‘ಫುಲ್‌ಸ್ಕೇಪ್’ ಹಾಳೆಯೂ ಹೀಗೇ. ಅದು ಫೂಲ್ಸ್ ಕ್ಯಾಪ್, ವಿದೂಷಕನ ಟೋಪಿಯ ನೀರಚ್ಚು!

ಇನ್ನು 1/8. ಒಂದು ಹಾಳೆ ತಗೊಂಡು ಮೂರು ಸಲ ಮಡಿಸಿ. ಎಂಟು ಎಲೆ, ಹದಿನಾರು ಪುಟ ಆಯಿತು. ಲ್ಯಾಟಿನ್‌ನಲ್ಲಿ ಎಂಟನೆಯದಕ್ಕೆ ಇರುವ ಪದದಿಂದ ಇದಕ್ಕೆ ‘ಆಕ್ಟೇವೊ’ ಎಂಬ ಹೆಸರು ಬಂತು. ನಮ್ಮವರು ಸುಮ್ನೆ 1/8 ಎಂದು ಬರೆದರು, ಅದೇ ಚೆನ್ನಾಗಿದೆ. ಡೆಮಿ ಹಾಳೆಯನ್ನು ಹೀಗೆ ಮಡಿಸಿ ಅಂಚು ಕತ್ತರಿಸಿದರೆ ಸುಮಾರು 8½ × 5½ ಇಂಚು ಉಳಿಯುತ್ತದೆ. ನಿಮ್ಮ ಕೈಲಿರುವ ಕಾದಂಬರಿಗೆ ಸ್ಕೇಲ್ ಇಟ್ಟು ನೋಡಿ.

ಮಡಿಸಿದ್ದನ್ನು ಬಿಚ್ಚುವ ಮೊದಲು, ಎಲೆಗಳ ಮೂಲೆಯಲ್ಲಿ ಇಣುಕಿ 1ರಿಂದ 16ರವರೆಗೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ. ಈಗ ಹಾಳೆ ಬಿಡಿಸಿ. 1ರ ಪಕ್ಕ 2 ಇರುವುದಿಲ್ಲ, 16 ಇರುತ್ತದೆ. 4ರ ಪಕ್ಕ 13. ಅರ್ಧ ಪುಟಗಳು ತಲೆಕೆಳಗು. ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಪುಟಗಳನ್ನು ಇದೇ ಕ್ರಮದಲ್ಲಿ ಕೂರಿಸಬೇಕಿತ್ತು. ಒಂದು ತಪ್ಪಿದರೆ ಓದುಗ 7ರಿಂದ ನೇರ 10ಕ್ಕೆ ಹಾರುತ್ತಿದ್ದ. ಈಗ ಆ ತಲೆನೋವು ಕಂಪ್ಯೂಟರಿನದು. ಹಾಳೆಯೂ ದೊಡ್ಡದಾಗಿದೆ: 23 × 36 ಇಂಚಿನ ಒಂದು ಹಾಳೆಯ ಎರಡೂ ಬದಿ ಸೇರಿ ಇಂಥ 32 ಪುಟ ಹಿಡಿಯುತ್ತವೆ. ಹೆಸರು ಮಾತ್ರ ಹಳೆಯದೇ.

ಈ ಹದಿನಾರು ಪುಟದ ಕಟ್ಟಿಗೆ ಪ್ರೆಸ್ಸಿನವರು ‘ಫಾರಂ’ ಎನ್ನುತ್ತಾರೆ. ನೀವು ಬರೆದಿರುವ 12+196 ಕೂಡಿಸಿ (12 ಎಂದರೆ ಮುನ್ನುಡಿ ಮುಂತಾದ ಮೊದಲ ಪುಟಗಳು, 196 ಮುಖ್ಯ ಬರಹದವು): 208. ಸರಿಯಾಗಿ ಹದಿಮೂರು ಫಾರಂ. ಎಲ್ಲ ಸೇರಿ 203 ಪುಟಕ್ಕೇ ಮುಗಿದಿದ್ದರೂ ಫಾರಂ ಹದಿಮೂರೇ ಬೇಕು. ಕೆಲವು ಪುಸ್ತಕಗಳ ಕೊನೆಯಲ್ಲಿ ಖಾಲಿ ಪುಟ, ಇಲ್ಲವೇ ಪ್ರಕಾಶಕರ ಬೇರೆ ಪುಸ್ತಕಗಳ ಪಟ್ಟಿ ಕಾಣುವುದು ಜಾಸ್ತಿ ಇದಕ್ಕೇ.