ಡಿಸೆಂಬರಲ್ಲಿ ಮೂರು ದಿನ ಕೊಡಗಿಗೆ ಹೋಗ್ತಿದ್ದೇವೆ, ಅಬ್ಬಿ ಫಾಲ್ಸ್ ಬಿಟ್ರೆ ಅಲ್ಲಿ ಎಂತ ಉಂಟು?

ಹುಬ್ಬಳ್ಳಿಯಿಂದ ಕೆಲಸಕ್ಕೆ ಮಂಗಳೂರಿಗೆ ಬಂದಿದ್ದೀರಿ, ಫ್ಯಾಮಿಲಿ ಜೊತೆ ಹೋಗ್ತಿದ್ದೀರಿ, ಎಂತ ನೋಡ್ಬಹುದು, ಅಲ್ಲಿನ ಜನ ಎಂತ ಮಾಡಿ ಬದುಕ್ತಾರೆ ಅಂತ ಕೇಳಿದ್ದೀರಲ್ಲ, ಈ ಎರಡನೇದ್ದು ಯಾರೂ ಕೇಳುವುದಿಲ್ಲ ಮಾರಾಯ್ರೆ, ಅದಕ್ಕೇ ಕೂತು ಟೈಪ್ ಮಾಡ್ತಾ ಇದ್ದೇನೆ. ನಾನು ಮಂಗಳೂರಿನವ, ಅಕ್ಕನನ್ನು ನಾಪೋಕ್ಲು ಕಡೆ ಮದುವೆ ಮಾಡಿ ಕೊಟ್ಟದ್ದು, ಭಾವನದ್ದು ಆರು ಎಕರೆ ಕಾಫಿ ತೋಟ.

ಮಂಗಳೂರಿಂದ ದಾರಿ ಅಂದ್ರೆ ಮಾಣಿ, ಪುತ್ತೂರು, ಸುಳ್ಯ, ಸಂಪಾಜೆ, ಅಲ್ಲಿಂದ ಘಾಟಿ. ಅಡಿಕೆ ತೋಟ ನೋಡ್ತಾ ನೋಡ್ತಾ ಹೋಗ್ತೀರಿ, ತಿರುವು ಹತ್ತಿ ಕಿವಿ ಮುಚ್ಚಿದ ಹಾಗೆ ಆಗುವಾಗ ಕಾಫಿ ಶುರು. ಮಡಿಕೇರಿ ಸುಮಾರು 1170 ಮೀಟರ್ ಎತ್ತರ, ತಡಿಯಂಡಮೋಳ್ ಬೆಟ್ಟ 1748, ಅದೇ ಕೊಡಗಲ್ಲಿ ಎಲ್ಲಕ್ಕಿಂತ ದೊಡ್ಡದು. ಪಡುವಣ ಬದಿ ಪೂರಾ ಮಳೆಕಾಡು, ಅದೇ ಕುಶಾಲನಗರಕ್ಕೆ ಇಳಿದ್ರೆ ಬಯಲು, ಮುಸುಕಿನ ಜೋಳ, ಶುಂಠಿ, ಒಂದೇ ಜಿಲ್ಲೆ ಅಂತ ಹೇಳ್ಲಿಕ್ಕಾಗುವುದಿಲ್ಲ. ಇಡೀ ಜಿಲ್ಲೆಯಲ್ಲಿ 2011ರ ಲೆಕ್ಕದಲ್ಲಿ ಐದೂವರೆ ಲಕ್ಷ ಜನ, ರೈಲು ಇಲ್ಲವೇ ಇಲ್ಲ. ಅದಕ್ಕೇ ರಸ್ತೆ ಕೈಕೊಟ್ರೆ ಕಥೆ ಮುಗೀತು, 2018ರ ಆಗಸ್ಟಲ್ಲಿ ಇದೇ ದಾರಿಯ ಜೋಡುಪಾಲ ಹತ್ರ ಗುಡ್ಡ ಜರಿದು ಅಕ್ಕ ಆ ಸಲ ಅಷ್ಟಮಿಗೆ ಊರಿಗೆ ಬರ್ಲಿಕ್ಕೇ ಆಗ್ಲಿಲ್ಲ.

ಈಗ ಬದುಕು. ದೇಶದ ಕಾಫಿಯಲ್ಲಿ ಹೆಚ್ಚುಕಮ್ಮಿ ಮೂರರಲ್ಲೊಂದು ಪಾಲು ಇಲ್ಲಿಂದ. ಕಾಫಿಯಲ್ಲಿ ಅರೇಬಿಕಾ, ರೋಬಸ್ಟಾ ಅಂತ ಎರಡು ಜಾತಿ, ನೀವು ಹೋಗುವ ಟೈಮಿಗೆ ಅರೇಬಿಕಾ ಕೊಯ್ಲು, ಮನೆ ಮನೆ ಕಣದಲ್ಲಿ ಹರಡಿರ್ತದೆ, ಫೋಟೋ ತೆಗೀಲಿಕ್ಕೆ ಅಂತ ಮೆಟ್ಟಿಕೊಂಡು ಹೋಗ್ಬೇಡಿ, ಬೈಗುಳ ತಿಂತೀರಿ. ರೋಬಸ್ಟಾ ಜನವರಿ ಮೇಲೆ. ಅದು ಮುಗಿಯುವಾಗ ಫೆಬ್ರವರಿ ಮಾರ್ಚಲ್ಲಿ ಎಲ್ಲರೂ ಆಕಾಶ ನೋಡ್ತಾ ಕೂರುವುದು, ಒಂದು ಹೂಮಳೆ ಬಿದ್ರೆ ಎಂಟು ಹತ್ತು ದಿನದಲ್ಲಿ ತೋಟ ಇಡೀ ಬೆಳ್ಳಗೆ ಹೂ, ಬೀಳದಿದ್ರೆ ಕೆರೆಯಿಂದ ಸ್ಪ್ರಿಂಕ್ಲರ್ ಹಾಕಿ ಹೂ ಬರಿಸ್ಬೇಕು, ಡೀಸೆಲ್ ಖರ್ಚು ಬೇರೆ. ಇನ್ನು ಡಿಸೆಂಬರಲ್ಲಿ ಮಳೆ ಬಂದ್ರೆ ಹಣ್ಣು ನೆಲಕ್ಕೆ, ಕಣದ್ದು ಬೂಷ್ಟು. ನಮಗೆ ವೆದರ್ ಸೂಪರ್, ಭಾವನಿಗೆ ನಿದ್ರೆ ಇಲ್ಲ. ರೇಟು ಮಾತಾಡುವುದು 50 ಕೆಜಿ ಚೀಲದ ಲೆಕ್ಕದಲ್ಲಿ. ನೆರಳಿನ ಮರಕ್ಕೆ ಹಬ್ಬಿಸಿದ ಕಾಳುಮೆಣಸು ಎಷ್ಟೋ ಮನೆಗಳನ್ನು ಉಳಿಸಿದೆ. ಕೊಡಗಿನ ಕಿತ್ತಳೆ ಮಾತ್ರ ರೋಗ ಬಂದು ತುಂಬಾ ಕಮ್ಮಿ ಆಗಿದೆ, ರಸ್ತೆ ಬದಿ ಮಾರುವುದೆಲ್ಲ ಅಲ್ಲಿದೇ ಅಂತ ನಂಬ್ಬೇಡಿ. ಕೆಲಸಕ್ಕೆ ಈಗ ಅಸ್ಸಾಂ, ಬಂಗಾಳದವರು ಬರ್ತಾರೆ, ಗದ್ದೆ ಮಾಡುವವರು ಕಮ್ಮಿ, ಆನೆ ಕಾಟ ಕೇಳ್ಬೇಡಿ. ಅಲ್ಲಿನ ಕಾಫಿ ಸುಮಾರು ನಮ್ಮ ಪಣಂಬೂರು ಬಂದರಿಂದಲೇ ಹಡಗು ಹತ್ತುವುದು, ಹಾಗಾಗಿ ನಮಗೂ ಅವರಿಗೂ ಹಳೇ ಸಂಬಂಧ.

ಹಳೇದು ಅಂದ್ರೆ ಭಾರಿ ಹಳೇದು. ಸುಳ್ಯ ಕಡೆ ಊರುಗಳು ಮೊದಲು ಕೊಡಗು ರಾಜರ ಕೈಲಿದ್ದದ್ದು, 1834ರಲ್ಲಿ ಬ್ರಿಟಿಷರು ಚಿಕವೀರರಾಜನನ್ನು ಇಳಿಸಿ ಈ ಊರುಗಳನ್ನೆಲ್ಲ ತಮ್ಮ ಕೆನರಾ ಜಿಲ್ಲೆಗೆ ಸೇರಿಸಿದ್ರು, ಬೆಳೆಯಲ್ಲಿ ಕೊಡ್ತಿದ್ದ ಕಂದಾಯ ದುಡ್ಡಲ್ಲಿ ಕೊಡಿ ಅಂದ್ರು. ರೈತರ ಕೈಲಿ ದುಡ್ಡು ಎಲ್ಲಿಂದ? 1837ರಲ್ಲಿ ದಂಗೆ ಎದ್ದು ಮಂಗಳೂರಿನ ತನಕ ಇಳಿದು ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದ್ರು, ಅಲ್ಲಿ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಉಂಟಲ್ಲ, ಆ ಕಥೆಯೇ ಅದು. 1956ರ ತನಕ ಕೊಡಗು ಬೇರೆಯೇ ರಾಜ್ಯ.

ಜನ ಅಂದ್ರೆ ಬರೀ ಕೊಡವರಲ್ಲ ಆಯ್ತಾ, ಅರೆಭಾಷೆ ಮಾತಾಡುವ ಗೌಡರು, ಕಾಡಿನ ಬದಿಯ ಎರವರು, ಜೇನು ಕುರುಬರು, ಬ್ಯಾರಿ, ಮಲೆಯಾಳಿಗಳು ಎಲ್ಲ ಇದ್ದಾರೆ. ಅಕ್ಕನ ಮನೆಯಲ್ಲಿ ಅರೆಭಾಷೆ, ಪಕ್ಕದ ಮನೆಯಲ್ಲಿ ಕೊಡವರ ಭಾಷೆ ಕೊಡವ ತಕ್ಕ್, ಅಕ್ಕನ ಮಗಳಿಗೆ ನನ್ನ ಹತ್ರ ಜಗಳಕ್ಕೆ ತುಳು ಬೇರೆ ಬರ್ತದೆ. ನಿಮ್ಮ ಡೇಟು ಪುತ್ತರಿ ಅಂದ್ರೆ ಭತ್ತದ ಸುಗ್ಗಿ ಹಬ್ಬದ ಹುಣ್ಣಿಮೆಗೆ ಕೂಡಿಬಂದ್ರೆ ಬಿಡ್ಬೇಡಿ, ರಾತ್ರಿ ಗದ್ದೆಗೆ ಹೋಗಿ ಹೊಸ ಕದಿರು ಕೊಯ್ಯುವುದು, ಕೋವಿ ಹಾರಿಸುವುದು, 'ಪೊಲಿ ಪೊಲಿ ದೇವಾ' ಅಂತ ಕೂಗುವುದು. ಯಾರಾದ್ರೂ ಕರೆದ್ರೆ ಮಾತ್ರ ಹೋಗಿ, ಅದು ಶೋ ಅಲ್ಲ.

ಜಾಗಗಳು ಬೇಗ ಹೇಳ್ತೇನೆ. ಭಾಗಮಂಡಲ, ತಲಕಾವೇರಿ ಒಂದು ದಿನ, ಬೆಳಿಗ್ಗೆ ಬೇಗ. ಕಕ್ಕಬ್ಬೆ ಹತ್ರ ಕೊಡಗು ರಾಜರ ನಾಲ್ಕುನಾಡು ಅರಮನೆ, ಸಣ್ಣದು, ರಶ್ ಇಲ್ಲ, ನನಗೆ ಇಷ್ಟ. ಮಡಿಕೇರಿಯಲ್ಲಿ ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ ಮ್ಯೂಸಿಯಂ ಆಗಿದೆ, ಮಕ್ಕಳಿದ್ರೆ ತೋರಿಸಿ. ಬೈಲಕುಪ್ಪೆಯ ಟಿಬೆಟನ್ನರ ಗೋಲ್ಡನ್ ಟೆಂಪಲ್ ಚಂದ ಉಂಟು, ಆದ್ರೆ ಅದು ಮೈಸೂರು ಜಿಲ್ಲೆ, ಕೊಡಗಲ್ಲ. ಅಬ್ಬಿ ಫಾಲ್ಸ್ ಡಿಸೆಂಬರಲ್ಲಿ ಸಣಕಲು, ಜನ ಜಾಸ್ತಿ ನೀರು ಕಮ್ಮಿ.

ಹಂದಿ ಮಾಂಸ ತಿನ್ನುವವರಾದ್ರೆ ಪಂದಿ ಕರಿ, ಜೊತೆಗೆ ಅಕ್ಕಿ ಕಡುಬು ಕಡಂಬುಟ್ಟು, ತಿನ್ನದಿದ್ರೆ ಅಕ್ಕಿ ಒಟ್ಟಿ ಅಂದ್ರೆ ಅಕ್ಕಿ ರೊಟ್ಟಿ. ಬರುವಾಗ ಒಂದು ಬಾಟಲಿ ಕಾಚಂಪುಳಿ ತನ್ನಿ, ಅಡಿಗೆಗೆ ಹಾಕುವ ಹುಳಿ, ನಮ್ಮ ಪುನರ್ಪುಳಿಯ ದಾಯಾದಿ ಅದು, ಕಪ್ಪಗೆ ಗಟ್ಟಿ ಇರ್ತದೆ, ಚಮಚದ ತುದಿಯಷ್ಟು ಸಾಕು, ನಾನು ಮೊದಲ ಸಲ ಮೀನು ಸಾರಿಗೆ ಒಂದು ಸೌಟು ಹಾಕಿ ಇಡೀ ಪಾತ್ರೆ ತೆಂಗಿನ ಬುಡಕ್ಕೆ ಚೆಲ್ಲಿದ್ದೇನೆ.